ತಿಕ್ಕಿ ತೊಳೆದ ಕಾಸು

ಹಳೇ ಕೋಟೆಯ ಗೋಡೆಯೊಳಗಿದ್ದ ಇಲಿಗೆ ನಾಣ್ಯ ಕೂಡಿಡುವ ಹುಚ್ಚು ಹಿಡಿಯಿತು. ಮಣ್ಣು ಕೆದಕಿದ ಮೊದಲ ದಿನವೇ ಒಂದು ತಾಮ್ರದ ಕಾಸು ಸಿಕ್ಕಿತು. ಮೈಯೆಲ್ಲ ಕಪ್ಪು, ಅಂಚಿನಲ್ಲಿ ಹಸಿರು, ನಡುವೆ ಪುಟ್ಟ ಆನೆ, ಅದರ ಮೇಲೆ ನಾಲ್ಕು ಅಕ್ಷರ. ನಾಣ್ಯಗಳ ಗುರುತು ಬಲ್ಲ ಬಾವಿಯ ಆಮೆಗೆ ಇಲಿ ಆಗಲೇ ಹೇಳಿಕಳಿಸಿತು: "ಸಂಜೆ ಬನ್ನಿ ಅಜ್ಜ, ಇದು ಯಾರ ಕಾಲದ್ದು ಅಂತ ನೋಡಿ ಹೇಳಬೇಕು."

ಆಮೇಲೆ ಅದಕ್ಕೆ ನಾಚಿಕೆಯಾಯಿತು. ಇಷ್ಟು ಕೊಳಕನ್ನು ಹಿರಿಯರ ಮುಂದೆ ಇಡುವುದು ಹೇಗೆ? ಎದುರು ಮನೆಯವರು ಹಬ್ಬಕ್ಕೆ ತಾಮ್ರದ ಚೊಂಬು ತಿಕ್ಕುವುದನ್ನು ಅದು ಕಂಡಿತ್ತು. ಹೋಗಿ ಹುಣಸೆಹಣ್ಣು, ಉಪ್ಪು, ಇಟ್ಟಿಗೆ ಪುಡಿ ಕದ್ದು ತಂದಿತು.

"ಬೇಡ ಮಾರಾಯ," ಎಂದಿತು ಕಾಸು. "ಇದು ಕೊಳೆಯಲ್ಲ, ನನ್ನ ವಯಸ್ಸು. ಮುನ್ನೂರು ವರ್ಷ ಮಣ್ಣಲ್ಲಿ ಕೂತು ಗಳಿಸಿದ್ದು."

"ಮದುಮಗನೂ ಸ್ನಾನಕ್ಕೆ ಎಬ್ಬಿಸಿದರೆ ಹೀಗೇ ಗೊಣಗುತ್ತಾನೆ. ಆಮೇಲೆ ಕನ್ನಡಿ ಬಿಟ್ಟು ಏಳುವುದಿಲ್ಲ," ಎಂದು ಇಲಿ ತಿಕ್ಕತೊಡಗಿತು. ಹೊತ್ತು ಇಳಿಯುವವರೆಗೂ ತಿಕ್ಕಿತು.

ಸಂಜೆ ಆಮೆ ಬಂತು. ಕಾಸು ಹೊಸ ಅಂಗಿಯ ಗುಂಡಿಯಂತೆ ಹೊಳೆಯುತ್ತಿತ್ತು. ಆಮೆ ಅದನ್ನು ಮಗುಚಿ ನೋಡಿತು, ಮತ್ತೊಮ್ಮೆ ಮಗುಚಿತು. ಆನೆ ಇದ್ದ ಜಾಗದಲ್ಲಿ ಒಂದು ಉಬ್ಬು ಮಾತ್ರ ಉಳಿದಿತ್ತು. ಅಕ್ಷರ ಒಂದೂ ಇರಲಿಲ್ಲ.

"ನನಗೆ ಓದಲು ಏನೂ ಉಳಿದಿಲ್ಲ ಮಗಾ. ಅದನ್ನೇ ಕೇಳು," ಎಂದಿತು ಆಮೆ.

ಇಲಿ ಬಾಲ ಮಡಚಿ ಕೂತು, ಕಾಸನ್ನು ಮೊದಲ ಸಲ ಮರ್ಯಾದೆಯಿಂದ ಕೇಳಿತು: "ತಾವು ಯಾವ ರಾಜರ ಕಾಲದವರು?"

ಕಾಸು ತನ್ನ ಬೋಳು ಮೈಯನ್ನೊಮ್ಮೆ ನೋಡಿಕೊಂಡಿತು.

"ಬೆಳಗ್ಗೆ ಗೊತ್ತಿತ್ತು," ಎಂದಿತು.