ಕರಿಮೂತಿ ಮಾವನ ಕೆಂಪು ಹವಳ

ಒಂದು ಕಾಡಿನಲ್ಲಿ ಮರಗಳು ಬೆಟ್ಟದಿಂದ ಇಳಿದು ಇಳಿದು ಕಡಲಿನ ಅಂಚಿಗೇ ಬಂದು ನಿಂತಿದ್ದವು. ಕಾಡು ಮುಗಿಯುವಲ್ಲಿ ಕರಿಬಂಡೆಗಳ ಸಾಲಿತ್ತು. ಆ ಬಂಡೆಗಳ ನಡುವೆ ಅಲ್ಲೊಂದು ಇಲ್ಲೊಂದು ಉಪ್ಪುನೀರಿನ ಹೊಂಡಗಳಿದ್ದವು. ಉಬ್ಬರ ಬಂದಾಗ ಕಡಲು ಬಂಡೆಯ ಕಂಡಿಗಳಿಂದ ಒಳಗೆ ನುಗ್ಗಿ, ಹೊಂಡಗಳಿಗೆ ಹೊಸ ನೀರು ತುಂಬಿಸಿ ಹೋಗುತ್ತಿತ್ತು. ಒಂದೊಂದು ಹೊಂಡವನ್ನು ಒಂದೊಂದು ಪ್ರಾಣಿ ನೋಡಿಕೊಳ್ಳುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಹೊಂಡ ಕರಿಮೂತಿ ಎಂಬ ಮುಸುವ ಕೋತಿಯದು. ಅದರ ನಡುವೆ ದಾಸವಾಳದಷ್ಟು ಕೆಂಪಾದ ಒಂದು ಹವಳ ಕವಲು ಕವಲಾಗಿ ಬೆಳೆದಿತ್ತು. ಹವಳ ಎಂದರೆ ಬರೀ ಕಲ್ಲು ಎಂದುಕೊಳ್ಳಬೇಡಿ, ಮಕ್ಕಳೇ. ಅದಕ್ಕೂ ಜೀವವಿದೆ, ಅದಕ್ಕೂ ಹಸಿವಾಗುತ್ತದೆ. ಆ ಕೆಂಪು ಕವಲುಗಳ ಒಳಗೆ ನೀಲಿ ಮೀನುಗಳ ಸಂಸಾರವೊಂದಿತ್ತು. ಹಾವುಮೀನು ಬಂದರೆ ಮರಿಗಳೆಲ್ಲ ಸರಕ್ಕನೆ ಕವಲುಗಳೊಳಗೆ ಹೊಕ್ಕು ಜೀವ ಉಳಿಸಿಕೊಳ್ಳುತ್ತಿದ್ದವು. ಬೇರೆ ಯಾವ ಹವಳದ ಕವಲೂ ಅಷ್ಟು ಒತ್ತಾಗಿ ಇರಲಿಲ್ಲ.

ಕೆಂಪು ಹವಳವನ್ನು ನೋಡಲು ಕಾಡಿಗೆ ಕಾಡೇ ಬರುತ್ತಿತ್ತು. ಬಂದವರು ಬರಿಗೈಯಲ್ಲಿ ಬರುತ್ತಿರಲಿಲ್ಲ. ನೇರಳೆ, ಹಲಸಿನ ತೊಳೆ, ಮುರುಗಲು ಹಣ್ಣು ತರುತ್ತಿದ್ದರು. ಕರಿಮೂತಿ ಬಂಡೆಯ ಮೇಲೆ ಬಾಲ ಇಳಿಬಿಟ್ಟು ಕೂತು, ಹಣ್ಣು ತಿನ್ನುತ್ತ ಹೊಗಳಿಕೆ ಕೇಳುತ್ತಿದ್ದ. ಹಣ್ಣಿಗಿಂತ ಹೊಗಳಿಕೆಯೇ ಅವನಿಗೆ ಹೆಚ್ಚು ರುಚಿಸುತ್ತಿತ್ತು.

ಆ ದಂಡೆಯಲ್ಲಿ ಒಂದು ಪದ್ಧತಿ ಇತ್ತು. ಯಾರ ಹೊಂಡದಲ್ಲಿ ಹವಳ ಚೆನ್ನಾಗಿ ಬೆಳೆಯಿತೋ ಅವರು ಅದರ ಒಂದು ಕುಡಿ ಮುರಿದು ನೆರೆಯವರಿಗೆ ಕೊಡಬೇಕು. ಅದನ್ನು ಬಂಡೆಯ ಸಂದಿಯಲ್ಲಿ ಊರಿದರೆ ಹೊಸ ಹವಳ ಬೆಳೆಯುತ್ತದೆ. ಮುಂದೆಂದಾದರೂ ಕೊಟ್ಟವರ ಹೊಂಡ ಕೆಟ್ಟರೆ, ತೆಗೆದುಕೊಂಡವರು ಅದೇ ಹವಳದ ಕುಡಿಯನ್ನು ತಿರುಗಿ ಕೊಡುತ್ತಾರೆ. ನಮ್ಮ ಮನೆಯ ಹೆಪ್ಪು ಕೆಟ್ಟರೆ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುವುದಿಲ್ಲವೇ, ಹಾಗೆ.

ಕರಿಮೂತಿಗೆ ಈ ಪದ್ಧತಿ ಎಂದರೆ ಹೊಟ್ಟೆನೋವು. 'ಎಲ್ಲರ ಹೊಂಡದಲ್ಲೂ ಕೆಂಪು ಹವಳ ಬೆಳೆದರೆ ನನ್ನ ಹೊಂಡ ನೋಡಲು ಯಾರು ಬರುತ್ತಾರೆ?' ಎಂದು ಯೋಚಿಸಿದ. ಕೊಡುವುದಿಲ್ಲ ಎಂದರೆ ಜಿಪುಣ ಎನ್ನುತ್ತಾರೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅದಕ್ಕೊಂದು ಉಪಾಯ ಹೂಡಿದ. ಕುಡಿ ಮುರಿದು, ಬಿಸಿಲಿಗೆ ಕಾದ ಬಂಡೆಯ ಮೇಲೆ ಅದರ ಜೀವ ಹೋಗುವವರೆಗೂ ಇಡುತ್ತಿದ್ದ. ಆಮೇಲೆ ನೀರಿನಲ್ಲಿ ಅದ್ದಿ, ಹಸಿ ಎಲೆಯಲ್ಲಿ ಸುತ್ತಿ, ನಗುನಗುತ್ತ ಕೊಡುತ್ತಿದ್ದ.

ಪಕ್ಕದ ಪುಟ್ಟ ಹೊಂಡದ ಏಡಿ ದುಗ್ಗಮ್ಮನಿಗೂ ಹಾಗೆಯೇ ಕೊಟ್ಟ. ಅವಳು ಎರಡು ಕೈಯಲ್ಲೂ ಅದನ್ನು ಹಿಡಿದುಕೊಂಡು ಹೋದಳು. ಏಡಿಗೆ ಕೈ ಎಲ್ಲಿ ಎಂದು ಕೇಳಬೇಡಿ. ಕಥೆಯಲ್ಲಿ ಎಲ್ಲರಿಗೂ ಕೈ ಇರುತ್ತದೆ.

ಸ್ವಲ್ಪ ದಿನದಲ್ಲೇ ಅವಳು ಸಪ್ಪೆ ಮುಖ ಮಾಡಿಕೊಂಡು ಬಂದಳು.

"ಮಾವ, ಕುಡಿ ಬೆಳ್ಳಗಾಗಿ ಹೋಯ್ತು. ನಾನೇನು ತಪ್ಪು ಮಾಡಿದ್ನೋ ಗೊತ್ತಿಲ್ಲ."

"ಅಯ್ಯೋ, ಹೋಗಲಿ ಬಿಡು ದುಗ್ಗಮ್ಮ," ಎಂದ ಕರಿಮೂತಿ. "ಎಲ್ಲರಿಗೂ ಕೈಗುಣ ಇರೋದಿಲ್ಲ. ನಿನಗಿಲ್ಲ ಅಷ್ಟೆ."

ನೀರುನಾಯಿ ಸುಕ್ರನಿಗೂ ಅದೇ ಮಾತು, ಉಡನಿಗೂ ಅದೇ ಮಾತು. ಕೇಳಿದವರೆಲ್ಲ ತಲೆ ತಗ್ಗಿಸಿ ಹೋದರು. ನನಗಂತೂ ಅವನು ಕುಡಿ ಸುಟ್ಟದ್ದಕ್ಕಿಂತ ಈ ಮಾತು ಆಡಿದ್ದಕ್ಕೇ ಹೆಚ್ಚು ಸಿಟ್ಟು.

ವರ್ಷಗಳು ಕಳೆದವು. ಕೂತು ಉಂಡವನಿಗೆ ಮೈ ಬಂತು, ಮೈ ಬಂದವನಿಗೆ ಸೋಮಾರಿತನ ಬಂತು. ಕರಿಮೂತಿ ತಿಂದ ಹಣ್ಣಿನ ಸಿಪ್ಪೆಯನ್ನು ಹೊಂಡಕ್ಕೇ ಎಸೆದ. ಕಂಡಿಯಲ್ಲಿ ಮರಳು ತುಂಬಿದರೂ 'ನಾಳೆ ತೆಗೆದರಾಯಿತು' ಎಂದ. ಕಡಲಿನ ನೀರು ಒಳಗೆ ಬರುವುದು ಕಡಿಮೆಯಾಯಿತು. ಹೊಂಡದ ನೀರು ಮಂಕಾಯಿತು, ನಾರತೊಡಗಿತು. ಹಸಿರು ಪಾಚಿ ಕಂಬಳಿಯ ಹಾಗೆ ಎಲ್ಲವನ್ನೂ ಮುಚ್ಚಿತು. ಒಂದು ದಿನ ಕರಿಮೂತಿ ಕೈ ಹಾಕಿ ಪಾಚಿ ಸರಿಸಿ ನೋಡಿದ. ಕೆಂಪು ಹವಳ ಎಲುಬಿನ ಹಾಗೆ ಬೆಳ್ಳಗಾಗಿತ್ತು. ಮುಟ್ಟಿದರೆ ಪುಡಿಪುಡಿಯಾಯಿತು.

ನೀಲಿ ಮೀನುಗಳು ಉಸಿರಿಗಾಗಿ ಒದ್ದಾಡುತ್ತಿದ್ದವು. ದುಗ್ಗಮ್ಮ ಓಡಿ ಬಂದಳು. ಒಂದೊಂದು ಮೀನನ್ನೂ ಚಿಪ್ಪಿನಲ್ಲಿ ನೀರಿನ ಸಮೇತ ಎತ್ತಿಕೊಂಡು ತನ್ನ ಪುಟ್ಟ ಹೊಂಡಕ್ಕೆ ಸಾಗಿಸಿದಳು. ಅಲ್ಲಿ ಮೈ ತಿರುಗಿಸಲೂ ಜಾಗವಿರಲಿಲ್ಲ. ಆದರೂ ಮೀನುಗಳು ಹೇಗೋ ಹೊಂದಿಕೊಂಡವು.

ಕರಿಮೂತಿ ಮುಖ ಮುಚ್ಚಿಕೊಂಡು ಕೂತ. ಬೇರೆ ಊರಾಗಿದ್ದರೆ 'ಮಾಡಿದ್ದುಣ್ಣೋ ಮಹಾರಾಯ' ಎಂದು ಬಿಟ್ಟುಬಿಡುತ್ತಿದ್ದರು. ಇಲ್ಲಿಯವರು ಹಾಗೆ ಮಾಡಲಿಲ್ಲ.

"ಏಳಿ ಮಾವ, ಕೂತರೆ ಆಗುತ್ತದೆಯೇ? ನಾವೆಲ್ಲ ಇದ್ದೀವಿ," ಎಂದಳು ದುಗ್ಗಮ್ಮ.

ಕಾಡುಹಂದಿಗಳು ಮೂತಿಯಿಂದ ಕಂಡಿಯ ಮರಳು ಬಗೆದವು. ಸುಕ್ರ ಮುಳುಗಿ ಮುಳುಗಿ ಕೊಳೆತ ಸಿಪ್ಪೆಯನ್ನೆಲ್ಲ ಮೇಲೆ ತಂದ. ಏಡಿಗಳು ಬಂಡೆಗೆ ಅಂಟಿದ ಪಾಚಿಯನ್ನು ಕೆರೆದವು. ಉಡ ತನ್ನ ಹೊಂಡದಿಂದ ಪಾಚಿ ತಿನ್ನುವ ಶಂಖದ ಹುಳುಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ತಂದು ಬಿಟ್ಟ.

"ಕಂಡಿ ಪೂರ್ತಿ ತೆಗೆದುಬಿಡಿ, ಒಂದೇ ಸಲಕ್ಕೆ ಎಲ್ಲಾ ನೀರು ಹೊಸದಾಗಲಿ!" ಎಂದ ಕರಿಮೂತಿ. ಅವನಿಗೆ ಅವಸರ.

"ಬೇಡ ಮಾವ," ಎಂದ ಸುಕ್ರ. "ಇನ್ನೂ ಸಣ್ಣಪುಟ್ಟ ಜೀವ ಬಾಕಿ ಇದಾವೆ. ಉಪವಾಸ ಇದ್ದವರಿಗೆ ಒಮ್ಮೆಲೇ ಹಬ್ಬದೂಟ ಬಡಿಸ್ತಾರಾ? ಒಂದೊಂದು ಉಬ್ಬರಕ್ಕೆ ಸ್ವಲ್ಪ ಸ್ವಲ್ಪ ಬರಲಿ."

ಹಾಗೆಯೇ ಸ್ವಲ್ಪ ಸ್ವಲ್ಪ ನೀರು ಬಂತು. ಮಳೆಗಾಲ ಹೋಗಿ ಚಳಿಗಾಲ ಬರುವ ಹೊತ್ತಿಗೆ ಹೊಂಡದ ತಳ ಕಾಣತೊಡಗಿತು. ಆಗ ನೆರೆಯವರೆಲ್ಲ ತಮ್ಮ ತಮ್ಮ ಹೊಂಡದಿಂದ ಕುಡಿ ಮುರಿದು ತಂದರು. ಕಂದು ಹವಳ ಬಂತು, ಹಳದಿ ಹವಳ ಬಂತು. ಯಾರೂ ಹಣ್ಣು ಕೇಳಲಿಲ್ಲ, ಹೊಗಳಿಕೆಯನ್ನೂ ಕೇಳಲಿಲ್ಲ. ದುಗ್ಗಮ್ಮ ಎಲ್ಲ ಕೆಲಸಕ್ಕೂ ಮುಂದೆ ಇದ್ದಳು. ಕುಡಿ ನೆಡುವಾಗ ಮಾತ್ರ ಹಿಂದೆ ಸರಿದು ನಿಂತಳು.

ಹೊಂಡ ತಿಳಿಯಾದ ಮೇಲೆ ನೀಲಿ ಮೀನುಗಳು ಹಿಂತಿರುಗಿ ಬಂದವು. ಅವುಗಳ ಅಜ್ಜಿ ಮೀನು ಹೊಂಡವನ್ನು ಒಂದು ಸುತ್ತು ಬಂದಳು. ಮತ್ತೊಂದು ಸುತ್ತು ಬಂದಳು. ಆಮೇಲೆ ಕೇಳಿದಳು:

"ಎಲ್ಲಾ ಚೆನ್ನಾಗಿದೆ ಕರಿಮೂತಪ್ಪ. ನಮ್ಮ ಕೆಂಪು ಮನೆ ಎಲ್ಲಿ? ಹಾವುಮೀನು ಬಂದರೆ ಈ ಮರಿಗಳನ್ನ ಎಲ್ಲಿ ಬಚ್ಚಿಡಲಿ?"

"ಒಂದೇ ಒಂದು ಕುಡಿ ಸಿಕ್ಕರೂ ಸಾಕು, ಬೆಳೆಸ್ತೀನಿ," ಎಂದ ಕರಿಮೂತಿ.

"ಹುಣ್ಣಿಮೆಯ ಉಬ್ಬರದವರೆಗೆ ಕಾಯ್ತೀವಿ," ಎಂದಳು ಅಜ್ಜಿ ಮೀನು. "ಆಮೇಲೆ ಇಲ್ಲಿ ನಿಲ್ಲೋ ಧೈರ್ಯ ನನಗಿಲ್ಲ."

ಕರಿಮೂತಿ ಎದ್ದು ಓಡಿದ. ತಾನು ಕೊಟ್ಟ ಅಷ್ಟು ಕುಡಿಗಳಲ್ಲಿ ಒಂದಾದರೂ ತನ್ನ ಕುತಂತ್ರದಿಂದ ತಪ್ಪಿಸಿಕೊಂಡು ಬದುಕಿರಬಾರದೇ ಎಂದು ಆಸೆಪಟ್ಟ. ಸುಕ್ರನ ಹೊಂಡದಲ್ಲಿ ಇಣುಕಿದ. ಇರಲಿಲ್ಲ. ಉಡನ ಹೊಂಡದಲ್ಲಿ ನೋಡಿದ. ಇರಲಿಲ್ಲ. ಕೊನೆಗೆ ದುಗ್ಗಮ್ಮನ ಹೊಂಡಕ್ಕೆ ಬಂದ. ಉಳಿದವರೂ ಅವನ ಹಿಂದೆಯೇ ಬಂದರು.

"ದುಗ್ಗಮ್ಮ, ನಾನು ಕೊಟ್ಟಿದ್ದೆನಲ್ಲ... ಅದೇನಾದರೂ...?"

ದುಗ್ಗಮ್ಮ ನೀರಿಗೆ ಇಳಿದು, ಸಂದಿಯಿಂದ ಒಂದು ಬಿಳಿ ಕಡ್ಡಿ ತೆಗೆದು ತೋರಿಸಿದಳು. ಅದರ ಮೇಲೆ ಒಂದು ಚೂರೂ ಪಾಚಿ ಇರಲಿಲ್ಲ.

"ಸತ್ತಿದ್ದರೂ ಬಿಸಾಡಲಿಕ್ಕೆ ಮನಸ್ಸು ಬರಲಿಲ್ಲ ಮಾವ. ನೀವು ಪ್ರೀತಿಯಿಂದ ಕೊಟ್ಟದ್ದಲ್ಲವಾ? ಅದಕ್ಕೇ ತಿಕ್ಕಿ ತಿಕ್ಕಿ ಇಟ್ಟುಕೊಂಡಿದ್ದೆ." ಅವಳು ಆ ಕಡ್ಡಿಯನ್ನು ಅವನ ಮುಂದೆ ಇಟ್ಟಳು. "ನನ್ನ ಕೈಗುಣ ಸರಿಯಿದ್ದಿದ್ದರೆ ಇವತ್ತು ನಿಮಗೆ ಕುಡಿ ಕೊಡಬಹುದಿತ್ತು. ಆ ಮರಿಗಳಿಗೂ ಮನೆ ಆಗುತ್ತಿತ್ತು. ತಪ್ಪು ನನ್ನದು. ಕ್ಷಮಿಸಿ ಮಾವ."

"ನನ್ನದೂ ತಪ್ಪು," ಎಂದ ಸುಕ್ರ ಮೆಲ್ಲಗೆ. ಉಡನೂ ತಲೆ ತಗ್ಗಿಸಿದ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಳೆಯ ಕರಿಮೂತಿಯಾಗಿದ್ದರೆ ಸುಮ್ಮನಿರುತ್ತಿದ್ದ. ಆದರೆ ತಾನು ವಂಚಿಸಿದವರೇ ತನ್ನ ಮುಂದೆ ನಿಂತು ಕ್ಷಮೆ ಕೇಳುತ್ತಿದ್ದರೆ ಅವನಿಂದ ಸಹಿಸಲಾಗಲಿಲ್ಲ.

"ನಿಮ್ಮ ಕೈಗುಣಕ್ಕೆ ಏನೂ ಆಗಿಲ್ಲ," ಎಂದ. "ಕೊಡೋ ಮೊದಲೇ ನಾನು ಅವನ್ನ ಬಿಸಿಲಲ್ಲಿ ಸುಟ್ಟಿದ್ದೆ. ಎಲ್ಲರಿಗೂ ಸತ್ತ ಕುಡಿಯನ್ನೇ ಕೊಟ್ಟೆ."

ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ದುಗ್ಗಮ್ಮ ತನ್ನ ಎರಡೂ ಕೈಗಳನ್ನು ಎತ್ತಿ, ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಮೊದಲೇ ಹೇಳಬಾರದಿತ್ತಾ ಮಾವ?" ಎಂದಳು. "ಅವತ್ತಿನಿಂದ ನಾನು ಏನನ್ನೂ ನೆಟ್ಟಿಲ್ಲ."



ಹುಣ್ಣಿಮೆಯ ಉಬ್ಬರ ಬಂತು. ಎಲ್ಲರೂ ಸೇರಿ ತೆರೆದ ಕಂಡಿಯಿಂದ ಕಡಲು ಒಳಗೆ ಬಂತು. ಅದು ಇಳಿಯುವಾಗ ಅಜ್ಜಿ ಮೀನು ಮರಿಗಳನ್ನೆಲ್ಲ ಕರೆದುಕೊಂಡು ಅದೇ ಕಂಡಿಯಿಂದ ಹೊರಟಳು. ದೂರದ ಕಡಲಿನಲ್ಲಿ ಎಲ್ಲಾದರೂ ಒತ್ತು ಕವಲಿನ ಹವಳ ಸಿಕ್ಕೀತು ಎಂಬುದು ಅವಳ ಆಸೆ. ಸಿಕ್ಕಿತೋ ಇಲ್ಲವೋ, ಆ ದಂಡೆಯವರಿಗೆ ತಿಳಿಯಲೇ ಇಲ್ಲ. ಕರಿಮೂತಿ ಬಂಡೆಯ ಮೇಲೆ ನಿಂತು ನೀಲಿ ಬಣ್ಣ ಕಣ್ಣಿಗೆ ಮರೆಯಾಗುವವರೆಗೂ ನೋಡಿದ.

ಆಮೇಲೆ ಅವನು ಹೊಂಡವನ್ನು ಎಂದೂ ಕೆಡಲು ಬಿಡಲಿಲ್ಲ. ಕಂದು ಹವಳವೂ ಹಳದಿ ಹವಳವೂ ಅಲ್ಲಿ ಸೊಂಪಾಗಿ ಬೆಳೆದವು. ಕೇಳಿದವರಿಗೂ ಕೇಳದವರಿಗೂ ಕುಡಿ ಮುರಿದು, ನೀರು ತುಂಬಿದ ಚಿಪ್ಪಿನಲ್ಲಿಟ್ಟು ಕೊಟ್ಟ. ಹೊಂಡ ಚೆನ್ನಾಗಿತ್ತು. ಕೆಂಪು ಮಾತ್ರ ಇರಲಿಲ್ಲ.

ಮರುವರ್ಷ ದುಗ್ಗಮ್ಮ ಅಂಜುತ್ತ ಅಂಜುತ್ತ ತನ್ನ ಕೈಯಾರೆ ಒಂದು ಕಂದು ಕುಡಿ ನೆಟ್ಟಳು. ಅದು ಹಿಡಿಯಿತು. ಚಿಗುರಿತು. ನೋಡುನೋಡುತ್ತಲೇ ಅವಳ ಪುಟ್ಟ ಹೊಂಡ ತುಂಬ ಕವಲೊಡೆಯಿತು. ಅಂಥ ಹವಳ ಆ ದಂಡೆಯಲ್ಲಿ ಬೇರೆ ಯಾರ ಹೊಂಡದಲ್ಲೂ ಇರಲಿಲ್ಲ. "ಏನು ಕೈಗುಣ ಮಾರಾಯ್ತಿ ನಿಂದು!" ಎಂದು ಎಲ್ಲರೂ ಹೊಗಳಿದರು. ಅವಳು ನಾಚಿಕೊಂಡು ನಕ್ಕಳು.

ಕರಿಮೂತಿಯೂ ನೋಡಲು ಹೋದ. ಬಹಳ ಹೊತ್ತು ನೋಡಿದ. ಈ ಕೈಗೆ ಅಂದು ಜೀವ ಇರುವ ಕುಡಿ ಕೊಟ್ಟಿದ್ದರೆ, ಇಂದು ಕೆಂಪು ಹವಳ ಎಷ್ಟು ದೊಡ್ಡದಾಗಿ ಇರುತ್ತಿತ್ತು ಎಂದು ಯೋಚಿಸಿದ. ಆಮೇಲೆ ತನ್ನ ಹೊಂಡಕ್ಕೆ ತಿರುಗಿ ಬಂದು ಕಂಡಿಯ ಮರಳು ತೆಗೆಯತೊಡಗಿದ.

ನೀತಿ: ಮನಸಾರೆ ಹಂಚಿದ್ದು ನೆರೆಯವರಲ್ಲಾದರೂ ಉಳಿದು ನಮಗೆ ಒದಗುತ್ತದೆ, ವಂಚಿಸಿ ಕೊಟ್ಟದ್ದು ಅವರಿಗೂ ಇಲ್ಲ, ನಮಗೂ ಇಲ್ಲ.