ಸಾಸಿವೆ ಬಾಯಿಬಿಟ್ಟ ದಿನ

ಬೆಟ್ಟಗಳು ಇನ್ನೂ ಬೆಳೆಯುತ್ತಿದ್ದವು. ಹಳ್ಳಗಳು ಯಾವ ಕಡೆ ಹರಿಯುವುದೆಂದು ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು. ಅಷ್ಟು ಹೊಸದಾಗಿತ್ತು ಆಗ ಈ ಲೋಕ.

ಆಗ ಎಲ್ಲರಿಗೂ ಮಾತು ಬರುತ್ತಿತ್ತು. ಗಾಳಿ ಮಾತಾಡುತ್ತಿತ್ತು, ಕರಿಮೂತಿಯ ಕೋತಿ ಮುಸುವ ಮಾತಾಡುತ್ತಿತ್ತು, ಒಲೆಯ ಮೇಲಿನ ಮಡಕೆ ಕೂಡ ಗೊಣಗುತ್ತಿತ್ತು. ಮಾತು ಬಾರದೆ ಉಳಿದದ್ದು ಸಾಸಿವೆ ಒಂದೇ. ಹೆಬ್ಬಂಡೆ ಬೆಟ್ಟದ ತಾಯಿ ಹೆಬ್ಬಂಡೆಮ್ಮ ಎಲ್ಲರಿಗೂ ದನಿ ಹಂಚುವಾಗ, ಪಾಪ, ಅದು ಅವಳ ಬೆರಳ ಸಂದಿಯಿಂದ ಜಾರಿ ಬಿದ್ದುಹೋಗಿತ್ತು. ಕಾದ ಎಣ್ಣೆಗೆ ಹಾಕಿದರೂ ಅದು ಸುಮ್ಮನೆ ಬೆಂದು ಸುಮ್ಮನೆ ಕಪ್ಪಾಗುತ್ತಿತ್ತು. ಇಷ್ಟು ಚಿಕ್ಕದಕ್ಕೆ ಮಾತು ಯಾಕೆ ಎಂದು ಜನರೂ ಸುಮ್ಮನಾದರು.

ಇನ್ನು ಚಿರತೆ. ಆಗ ಅದರ ಮೈಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಮೈಯೆಲ್ಲ ಒಂದೇ ಹಳದಿ. ಒಣಹುಲ್ಲಿನಲ್ಲಿ ಮಲಗಿದರೆ ಹುಲ್ಲು ಯಾವುದು, ಚಿರತೆ ಯಾವುದು ಅಂತ ಹುಲ್ಲಿಗೇ ಗೊತ್ತಾಗುತ್ತಿರಲಿಲ್ಲ.

ಬೆಟ್ಟದ ಬುಡದ ಹಳ್ಳಿಯಲ್ಲಿ ದುಂಡಮ್ಮ ಎಂಬ ಹೆಂಗಸಿದ್ದಳು. ಅವಳಿಗೆ ಹುಟ್ಟಿದ ಎರಡು ಕೂಸುಗಳು ಅನ್ನದ ಮೊದಲ ತುತ್ತು ತಿನ್ನುವ ಮುಂಚೆಯೇ ತೀರಿಹೋಗಿದ್ದವು. ಮೂರನೆಯದು ಹೆಣ್ಣು. ಅದಕ್ಕೆ ಹಲ್ಲು ಮೂಡುವ ಹೊತ್ತಾಯಿತು. ದುಂಡಮ್ಮ ಹೆಬ್ಬಂಡೆಮ್ಮನಿಗೆ ಹರಕೆ ಕಟ್ಟಿಕೊಂಡಳು: "ಮೊದಲನೇ ತುತ್ತ ನಿನ್ ಮುಂದೆನೇ ಉಣ್ಣುಸ್ತೀನಿ ಕನವ್ವ. ಇದೊಂದ್ನ ನನಗೆ ಉಳುಸ್ಕೊಡು."

ಆ ಬೆಟ್ಟಕ್ಕೆ ಒಂದು ಕಟ್ಟಳೆಯಿತ್ತು. ತಾಯಿಯ ಎಡೆಯನ್ನು ಗುಡಿಯ ಕೆಳಗಿನ ಹಳ್ಳದ ದಡದಲ್ಲಿ ಬೇಯಿಸಬೇಕು. ಬೇಯಿಸುವವಳು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಒಲೆ ಹೊತ್ತಿಸಿದಲ್ಲಿಂದ ಎಡೆ ಇಡುವ ತನಕ ಒಂದು ಮಾತೂ ಆಡಬಾರದು. ಆಡಿದರೆ ಹರಕೆ ಮುರಿದ ಹಾಗೆ. ಹರಕೆ ಮುರಿದರೆ ಕೂಸಿನ ಗತಿ? ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ದುಂಡಮ್ಮ ಅತ್ತೆ ಹೊನ್ನಜ್ಜಿಯನ್ನು ಕರೆದುಕೊಂಡು ಹೊರಟಳು. ಬುಟ್ಟಿಯಲ್ಲಿ ನವಣೆ, ಹೆಸರುಕಾಳು, ಅಣ್ಣೆಸೊಪ್ಪು. ಸೋರೆಬುರುಡೆಯಲ್ಲಿ ಹುಚ್ಚೆಳ್ಳೆಣ್ಣೆ. ಸೆರಗಿನ ತುದಿಗೆ ಸಾಸಿವೆಯ ಗಂಟು. ಎದೆಗೆ ಅವುಚಿಕೊಂಡ ಕೂಸು.

ಅವಳಿಗೆ ಗೊತ್ತಿಲ್ಲದ್ದನ್ನು ನಿನಗೆ ಹೇಳುತ್ತೇನೆ ಕೇಳು. ಚಿರತೆ ಹುಲ್ಲಿನ ಮರೆಯಲ್ಲಿ ಮಲಗಿ ಆ ಹರಕೆಯನ್ನು ಕೇಳಿಸಿಕೊಂಡಿತ್ತು. ಕೂಗಲಾರದ ತಾಯಿ, ಜೋಲಿಯಲ್ಲಿ ಕೂಸು! ಅದು ತುಟಿ ಸವರಿಕೊಂಡು ಹಿಂದಿನ ದಿನವೇ ಕಾಡೆಲ್ಲ ಸುತ್ತಿತ್ತು.

ಮುಸುವನ ಹತ್ತಿರ ಹೋಗಿ ಮೆಲ್ಲಗೆ ಹೇಳಿತು: "ನಿನ್ನ ಮರಿ ಎಷ್ಟು ಮುದ್ದಾಗಿದೆ. ನಾಳೆ ನೀನು ಬಾಯಿ ಮುಚ್ಚಿಕೊಂಡಿದ್ದರೆ ನಾಳಿದ್ದೂ ಹೀಗೇ ಮುದ್ದಾಗಿರುತ್ತದೆ."

ಜಿಂಕೆಗೂ ಅದೇ ಮಾತು ಹೇಳಿತು. ಹಳ್ಳಕ್ಕೆ ಹೇಳಿತು: "ಮಾತಾಡಿದರೆ ಸತ್ತದ್ದನ್ನೆಲ್ಲ ತಂದು ನಿನ್ನೊಳಗೆ ಹಾಕುತ್ತೇನೆ." ಗಾಳಿಗೆ ಹೇಳಿತು: "ಆ ನಾತವನ್ನೆಲ್ಲ ನೀನೇ ಹೊರಬೇಕಾಗುತ್ತದೆ."

ಎಲ್ಲರೂ ತಲೆ ತಗ್ಗಿಸಿದರು. ಸಾಸಿವೆಯ ಹತ್ತಿರ ಮಾತ್ರ ಚಿರತೆ ಹೋಗಲಿಲ್ಲ. ಮೂಗಿಯನ್ನು ಹೆದರಿಸುವುದೇನಿದೆ?

ದುಂಡಮ್ಮ ಕಾಡಿನೊಳಕ್ಕೆ ಕಾಲಿಟ್ಟಳು. ಕಾಡು ಸುಮ್ಮನಿತ್ತು. ಎಂದೂ ಹಾಗಿದ್ದದ್ದೇ ಇಲ್ಲ. ಮರದ ಮೇಲಿದ್ದ ಮುಸುವನನ್ನು ಕಂಡು ಕೇಳಿದಳು: "ಚೆಂದಾಗಿದ್ದೀಯಾ? ಮರಿ ಚೆಂದಾಗದಾ?"

ಮುಸುವ ಮರಿಯನ್ನು ಅಪ್ಪಿಕೊಂಡು ಮುಖ ಆಚೆ ತಿರುಗಿಸಿತು.

ಗಾಳಿಯನ್ನು ಕೇಳಿದಳು: "ದಾರಿ ನೆಟ್ಟಗದಾ ಗಾಳಪ್ಪ?" ಗಾಳಿ ಎಲೆಗಳ ಹಿಂದೆ ಅವಿತುಕೊಂಡಿತು. ಒಂದು ಎಲೆಯೂ ಅಲುಗಲಿಲ್ಲ.

ಅವಳು ಹೊನ್ನಜ್ಜಿಯ ಕಡೆ ತಿರುಗಿದಳು. "ಅತ್ತೆ, ಯಾಕೋ ನನ್ಗೆ ದಿಗಿಲಾಯ್ತದೆ. ವಾಪಸ್ ಹೋಗ್ಬುಡಮಾ?"

"ಹರಕೆ ಹೊತ್ಕಂಡು ಅರ್ಧ ದಾರೀಲಿ ತಿರಿಕ್ಕಂಡ್ರೆ ಕೂಸು ಉಳ್ದದಾ?" ಎಂದಳು ಹೊನ್ನಜ್ಜಿ. "ನಡಿಯೇ ಸುಮ್ನೆ. ನಾನಿಲ್ವಾ?"

ಮುಂದೆ ಹೋದರೆ ದಿಗಿಲು, ಹಿಂದೆ ಹೋದರೂ ದಿಗಿಲು. ದುಂಡಮ್ಮ ಕೂಸನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡು ನಡೆದಳು.

ಹಳ್ಳದ ದಡ ಬಂತು. ಮೇಲೆ ಗುಡಿ ಕಾಣುತ್ತಿತ್ತು. ದುಂಡಮ್ಮ ನೀರಿಗೆ ಕೈಹಾಕಿ ಕೇಳಿದಳು: "ಹಳ್ಳವ್ವ, ನೀನಾದ್ರೂ ಯೋಳು. ಇವತ್ತು ಯಾಕೆ ಎಲ್ರೂ ಹಿಂಗವ್ರೆ?"

ಹಳ್ಳ ನಡುಗಿತು. "ಬೇಗ ಬೇಯಿಸು. ಬೇಗ ಹೋಗು," ಎಂದಷ್ಟೇ ಹೇಳಿ ಕಲ್ಲುಗಳ ಅಡಿಗೆ ಸರಿದುಹೋಯಿತು.

ದುಂಡಮ್ಮ ನೇರಳೆ ಮರದ ಕೊಂಬೆಗೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿದಳು. ಹೊನ್ನಜ್ಜಿ ಪಕ್ಕದಲ್ಲಿ ಕುಳಿತು ಜೋಲಿಯ ಅಂಚು ಹಿಡಿದಳು. "ನೀನ್ ಎಸರಿಡು ಹೋಗು. ನಾನ್ ತೂಗ್ತೀನಿ. ರೆಪ್ಪೆ ಮುಚ್ಚಕ್ಕಿಲ್ಲ ನೋಡು."

ರೆಪ್ಪೆ ಮುಚ್ಚುವುದಿಲ್ಲವಂತೆ! ಒಲೆಯ ಹೊಗೆ ಮರದ ತುದಿ ಮುಟ್ಟುವಷ್ಟರಲ್ಲಿ ಮುದುಕಿಯ ಗದ್ದ ಎದೆಗೆ ತಾಗಿತ್ತು. ಅಷ್ಟು ಎತ್ತರ ಹತ್ತಿದ ಜೀವ, ಏನು ಮಾಡೀತು.

ದುಂಡಮ್ಮನಿಗೆ ಅದು ಕಾಣಲಿಲ್ಲ. ಅವಳು ಬಾಯಿಗೆ ಬಟ್ಟೆ ಕಟ್ಟಿ, ಗುಡಿಗೆ ಮುಖ ಮಾಡಿ, ಮರಕ್ಕೆ ಬೆನ್ನು ಮಾಡಿ ಕುಳಿತಿದ್ದಳು. ನವಣೆ ಬೆಂದಿತು. ಸೊಪ್ಪು, ಕಾಳು ಬೆಂದವು. ಕಟ್ಟು ಬಸಿದು, ಮೆಣಸು ಅರೆದು ಹಾಕಿ, ಬಸ್ಸಾರು ಕುದಿಯಲು ಇಟ್ಟಳು. ಮಡಕೆ ಏನೋ ಗೊಣಗುತ್ತಲೇ ಇತ್ತು. ಅದಕ್ಕೆ ತನ್ನ ಕುದಿ ತನಗೆ. ಬೇರೆಯವರದು ಅದರ ಕಿವಿಗೆ ಎಂದೂ ಬಿದ್ದದ್ದಿಲ್ಲ.

ಹಿಂದಿನಿಂದ ಸದ್ದು ಬರುತ್ತಿತ್ತು. ಕಿರ್... ಕಿರ್... ಜೋಲಿಯ ಭಾರಕ್ಕೆ ಕೊಂಬೆ ಕಿರುಗುಡುವ ಸದ್ದು. ಅತ್ತೆ ತೂಗುತ್ತಿದ್ದಾಳೆ ಅಂದುಕೊಂಡಳು ದುಂಡಮ್ಮ. ಅಷ್ಟರ ಮಟ್ಟಿಗೆ ಅವಳ ಜೀವ ತಣ್ಣಗಾಯಿತು.

ಕಿರ್... ಕಿರ್...

ಮೇಲೆ ಮುಸುವ ಕಣ್ಣು ಮುಚ್ಚಿಕೊಂಡಿತು. ಜಿಂಕೆ ಪೊದೆಯಲ್ಲಿ ನಿಂತಲ್ಲೇ ನಡುಗಿತು. ಗಾಳಿ ಉಸಿರು ಬಿಗಿಹಿಡಿಯಿತು. ಎಲ್ಲರಿಗೂ ಕಾಣುತ್ತಿತ್ತು, ಯಾರೂ ಹೇಳಲಿಲ್ಲ.

ದುಂಡಮ್ಮ ಒಗ್ಗರಣೆ ಸೌಟಿನ ತುಂಬ ಎಣ್ಣೆ ಹುಯ್ದು ಒಲೆಯ ಮೇಲಿಟ್ಟಳು. ಸೆರಗಿನ ಗಂಟು ಬಿಚ್ಚಿ ಸಾಸಿವೆಯನ್ನೆಲ್ಲ ಅಂಗೈಗೆ ಸುರಿದುಕೊಂಡಳು. ಕೈ ಎತ್ತಿದಾಗ ಸಾಸಿವೆ ಅವಳ ಭುಜದಾಚೆಗೆ ನೋಡಿತು.

ಹೊನ್ನಜ್ಜಿ ಗೊರಕೆ ಹೊಡೆಯುತ್ತಿದ್ದಳು. ಜೋಲಿ ತೂಗುತ್ತಲೇ ಇತ್ತು. ತೂಗುತ್ತಿದ್ದದ್ದು ಒಂದು ಹಳದಿ ಪಂಜ.

ಕೂಸು ಎದ್ದು ಅಳದಿರಲಿ ಎಂದು ಚಿರತೆ ಮೆಲ್ಲಗೆ, ಬಲು ಮೆಲ್ಲಗೆ ತೂಗುತ್ತಿತ್ತು. ತೂಗುತ್ತ ತೂಗುತ್ತ ಮೂತಿಯನ್ನು ಜೋಲಿಯ ಹತ್ತಿರಕ್ಕೆ ತರುತ್ತಿತ್ತು.

ಅಯ್ಯೋ, ಸಾಸಿವೆಗೆ ಬಾಯಿಲ್ಲವಲ್ಲ! ಅದು ಎಣ್ಣೆಗೆ ಬಿದ್ದಿತು. ಮೈ ಸುಟ್ಟಿತು. ಹೇಳಬೇಕು, ಹೇಗೆ ಹೇಳುವುದು? ಉಬ್ಬಿತು, ಉಸಿರು ಕಟ್ಟಿ ಇನ್ನೂ ಉಬ್ಬಿತು. ಬಾಯಿಲ್ಲದಿದ್ದರೇನು, ಹೊಟ್ಟೆಯಿದೆಯಲ್ಲ ಅಂದುಕೊಂಡು ಒಂದು ಕಾಳು ತನ್ನ ಹೊಟ್ಟೆಯನ್ನೇ ಬಿರಿದುಕೊಂಡಿತು.

ಚಟ್!

ಅದನ್ನು ನೋಡಿ ಇನ್ನೊಂದು, ಮತ್ತೊಂದು. ಚಟ್, ಚಟ್, ಚಟಪಟ, ಚಟಪಟ! ಒಂದು ಕಾಳು ಹಾರಿ ದುಂಡಮ್ಮನ ಕೆನ್ನೆಗೆ ಚುರ್ ಎಂದು ತಗುಲಿತು. ಒಲೆಯಲ್ಲಿ ಇಂಥ ಸದ್ದನ್ನು ಅವಳು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಬೆಚ್ಚಿ, ಸೌಟಿನ ಹಿಡಿ ಹಿಡಿದು ಎದ್ದಳು. ಹಿಂದಕ್ಕೆ ತಿರುಗಿದಳು.

ಕಂಡಳು.

ಬಟ್ಟೆ ಕಟ್ಟಿಲ್ಲದಿದ್ದರೂ ಆಗ ಅವಳಿಂದ ಕೂಗಲು ಆಗುತ್ತಿರಲಿಲ್ಲ. ಆದರೂ ಅವಳು ಒಲೆಯ ಹತ್ತಿರ ನಿಲ್ಲಲಿಲ್ಲ. ಹುಲ್ಲು ತುಳಿದು ಓಡಿದಳು.

ಚಿರತೆ ಜೋಲಿ ಬಿಟ್ಟು ಇತ್ತ ತಿರುಗಿತು. ಹಲ್ಲು ಕಿರಿದು ಅವಳ ಮೇಲೆ ಎಗರಿತು. ದುಂಡಮ್ಮ ಸೌಟಿನಲ್ಲಿದ್ದುದನ್ನೆಲ್ಲ ಅದರ ಮೈಮೇಲೆ ಎರಚಿದಳು.

ಸಾಸಿವೆ ಅಲ್ಲೂ ಸುಮ್ಮನಿರಲಿಲ್ಲ. ಬಿದ್ದಬಿದ್ದಲ್ಲಿ ಸಿಡಿಯಿತು. ಸಿಡಿದಲ್ಲೆಲ್ಲ ಸುಟ್ಟಿತು. ಬೆನ್ನ ಮೇಲೆ ಚಟ್, ಹೊಟ್ಟೆಯ ಮೇಲೆ ಚಟ್, ಬಾಲದ ತುದಿಯವರೆಗೂ ಚಟಪಟ! ಚಿರತೆ ನೆಲಕ್ಕೆ ಬಿದ್ದು ಹೊರಳಿತು, ಅರಚಿತು, ಎದ್ದೆನೋ ಬಿದ್ದೆನೋ ಎಂದು ಓಡಿತು.

ಆಗ ಮುಸುವನಿಗೆ ನಾಚಿಕೆಯಾಯಿತು. ಇಷ್ಟಿಷ್ಟೇ ಇರುವ ಕಾಳು ಹೊಟ್ಟೆ ಬಿರಿದುಕೊಂಡು ಕೂಗಿತು. ನಾನು ಇಷ್ಟು ದೊಡ್ಡ ಬಾಯಿ ಇಟ್ಟುಕೊಂಡು ಸುಮ್ಮನಿದ್ದೆನಲ್ಲ! ಅದು ಮರದ ತುದಿಗೆ ಹಾರಿ ಕೂಗಿತು: "ಅಲ್ಲಿದೆ! ಅಲ್ಲಿ ಹೋಗುತ್ತಿದೆ!" ಜಿಂಕೆಯೂ ಕೂಗಿತು. ಗಾಳಿ ಆ ಕೂಗನ್ನು ಕಾಡೆಲ್ಲ ಹೊತ್ತು ತಿರುಗಿತು.

ಹೊನ್ನಜ್ಜಿಗೆ ಎಚ್ಚರವಾಯಿತು. "ಏನಾಯ್ತೇ? ಸಾರು ಸೀದೋಯ್ತಾ?"

ದುಂಡಮ್ಮ ಕೂಸನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಕಣ್ಣೀರು ಹರಿದು ಬಾಯಿಗೆ ಕಟ್ಟಿದ ಬಟ್ಟೆ ನೆನೆಯಿತು. ಒಂದು ಮಾತೂ ಆಡಲಿಲ್ಲ. ಚಿರತೆ ಮೂಸಿದ ಗುರುತು ಜೋಲಿಯ ಮೇಲೆ ಒದ್ದೆಯಾಗಿಯೇ ಇತ್ತು. ಅದನ್ನು ಕಂಡ ಮುದುಕಿ ಜೋಲಿ ಬಿಚ್ಚಿ ಹಳ್ಳದಲ್ಲಿ ಜಾಲಿಸಿದಳು.

ಆದರೆ ಸೌಟು ಬರಿದಾಗಿತ್ತು. ಎಣ್ಣೆಯಿಲ್ಲ, ಸಾಸಿವೆಯಿಲ್ಲ. ಒಗ್ಗರಣೆಯಿಲ್ಲದ ಎಡೆ ಹೊತ್ತು ದುಂಡಮ್ಮ ಗುಡಿಯ ಮೆಟ್ಟಿಲು ಹತ್ತಿದಳು, ಹಿಂದೆ ಕೂಸನ್ನೆತ್ತಿಕೊಂಡು ಹೊನ್ನಜ್ಜಿ. ಚಿರತೆಯ ಬಾಯಿಂದ ಪಾರಾದ ಕೂಸು ಹೆಬ್ಬಂಡೆಮ್ಮನ ಸಿಟ್ಟಿಗೆ ಬಲಿಯಾದರೆ? ಒಂದೊಂದು ಮೆಟ್ಟಿಲಿಗೂ ಅದೇ ಭಯ.

ಗುಡಿಯೊಳಗೆ ಕತ್ತಲೆ. ಒಂದೇ ದೀಪ. ಬಂಡೆಯೊಳಗಿಂದ ದನಿ ಬಂತು.

"ಒಗ್ಗರಣೆ ಎಲ್ಲವ್ವಾ?"

ಎಡೆ ಇನ್ನೂ ಕೆಳಗಿಟ್ಟಿಲ್ಲ. ಮಾತಾಡುವ ಹಾಗಿಲ್ಲ. ಹೇಗೆ ಹೇಳಿಯಾಳು? ದುಂಡಮ್ಮ ಬರಿದಾದ ಸೆರಗಿನ ತುದಿಯನ್ನು ಹಿಡಿದು ತೋರಿಸಿದಳು. ಒಮ್ಮೆ ಕೊಡವಿದಳು. ಸೆರಗಿನ ಮಡಿಕೆಯಲ್ಲಿ ಸಿಕ್ಕಿಕೊಂಡಿದ್ದ ಒಂದೇ ಒಂದು ಕಾಳು ಜಾರಿ, ಉರಿಯುವ ದೀಪದೊಳಕ್ಕೆ ಬಿತ್ತು.

ಚಟ್!

ಬಂಡೆ ನಕ್ಕಿತು. "ಓ, ನೀನಾ? ನನ್ನ ಬೆರಳ ಸಂದಿಂದ ಜಾರ್ದವ್ಳು! ಕೆಳಗಡೆ ಕೂಗ್ದವ್ಳೂ ನೀನೇಯಾ? ನನ್ಗೆ ಇಲ್ಲಿಗಂಟ ಕೇಳುಸ್ತು." ಆಮೇಲೆ ಮೆತ್ತಗೆ ಹೇಳಿತು: "ಎಡೆ ಇಡು ಮಗಳೇ. ನಿನ್ ಒಗ್ಗರಣೆ ಆಗ್ಲೇ ನನ್ಗೆ ಮುಟ್ಟದೆ. ಸಾಸಿವೆ, ಆ ದನಿ ಇನ್ಮೇಲೆ ನಿಂದೇ."

ದುಂಡಮ್ಮ ಎಡೆ ಇಟ್ಟಳು. ಬಾಯಿಯ ಬಟ್ಟೆ ಬಿಚ್ಚಿದಳು. ಬಸ್ಸಾರಿನಲ್ಲಿ ಕಿವುಚಿದ ನವಣೆ ಅನ್ನದ ಪುಟ್ಟ ತುತ್ತನ್ನು ಕೂಸಿನ ಬಾಯಿಗಿಟ್ಟಳು. ಕೂಸು ಚಪ್ಪರಿಸಿತು. ಇನ್ನೊಂದಕ್ಕೆ ಬಾಯಿ ತೆರೆಯಿತು. ಆಗ ದುಂಡಮ್ಮ ಜೋರಾಗಿ ಅತ್ತಳು. ಅಷ್ಟು ಹೊತ್ತಿನ ಅಳು ಅದು.

ಚಿರತೆ ಹಳ್ಳದಲ್ಲಿ ಎಷ್ಟು ತೊಳೆದುಕೊಂಡರೂ ಸುಟ್ಟ ಕಲೆ ಹೋಗಲಿಲ್ಲ. ಇವತ್ತಿಗೂ ಅದರ ಮೈತುಂಬ ಕಪ್ಪು ಚುಕ್ಕೆ. ಇವತ್ತಿಗೂ ಅದನ್ನು ಕಂಡರೆ ಮುಸುವ ಮರದ ಮೇಲಿಂದ, ಜಿಂಕೆ ಪೊದೆಯಿಂದ ಕೂಗಿಯೇ ಕೂಗುತ್ತವೆ.

ಮತ್ತೆ ಸಾಸಿವೆ? ನಾಳೆ ಅಡುಗೆಮನೆಯಲ್ಲಿ ನೀನೇ ನೋಡು. ಕಾದ ಎಣ್ಣೆಗೆ ಬಿದ್ದ ಸಾಸಿವೆ ಚಟಪಟ ಎನ್ನುತ್ತಲೇ ನಿಮ್ಮಮ್ಮ ಸೌಟು ಹಿಡಿದುಕೊಂಡೇ ಒಮ್ಮೆ ಹಿಂದೆ ತಿರುಗಿ, ನೀನು ಎಲ್ಲಿದ್ದೀಯ ಎಂದು ನೋಡುತ್ತಾಳೆ.