ಹಾಡಿನ ಉಳಿದರ್ಧ

ಹೊಳೆಯ ದಂಡೆಯ ಒಂದು ಮಠದಲ್ಲಿ ಗುರುಪಾದಯ್ಯ ಎಂಬ ಗಾಯಕರು ನಾಲ್ಕಾರು ಶಿಷ್ಯರಿಗೆ ಸಂಗೀತ ಹೇಳಿಕೊಡುತ್ತಿದ್ದರು. ಅವರಲ್ಲಿ ಹಳಬ ಯಮನೂರಪ್ಪ. ಏಳು ವರ್ಷದ ಹಿಂದೆ ಗುರುಗಳು ಅವನಿಗೆ ಒಂದು ಹಳೆಯ ಹಾಡಿನ ಮೊದಲರ್ಧ ಕಲಿಸಿದ್ದರು.

ಉಳಿದರ್ಧ ಯಾವಾಗ ಕೊಡುತ್ತೀರಿ ಎಂದು ಅವನು ವರ್ಷಕ್ಕೊಮ್ಮೆ ಕೇಳುತ್ತಿದ್ದ. ತಡಿ ಎಂದು ಅವರು ವರ್ಷಕ್ಕೊಮ್ಮೆ ಹೇಳುತ್ತಿದ್ದರು.

ಅರ್ಧ ಹಾಡು ಬಲು ಕೆಟ್ಟದ್ದು. ಸಭೆಯಲ್ಲಿ ಹಾಡುವಂತಿಲ್ಲ, ಮರೆಯುವಂತೆಯೂ ಇಲ್ಲ. ಯಮನೂರಪ್ಪನಿಗೆ ಅದು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತಾಗಿತ್ತು.

ಎರಡು ವರ್ಷದ ಹಿಂದೆ ಶ್ರೀಶೈಲ ಎಂಬ ಹೊಸ ಶಿಷ್ಯ ಬಂದ. ಕಂಠ ಚೆನ್ನಾಗಿತ್ತು. ಅಷ್ಟೇ ಸಾಕಾಯಿತು. ಗುರುಗಳು ಉಳಿದರ್ಧವನ್ನು ಇವನಿಗೆಂದೇ ಇಟ್ಟುಕೊಂಡಿದ್ದಾರೆ ಎಂದು ಯಮನೂರಪ್ಪ ತೀರ್ಮಾನಿಸಿಬಿಟ್ಟ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಶ್ರೀಶೈಲ ಸ್ನಾನಕ್ಕೆ ಹೋಗಿ ತಡವಾಗಿ ಬಂದರೂ, ಹೊಳೆಯ ಹತ್ತಿರ ಕದ್ದು ಪಾಠ ನಡೆದಿದೆ ಅನ್ನಿಸುತ್ತಿತ್ತು.

ಆ ವರ್ಷ ಮಠದ ಅಹೋರಾತ್ರಿ ಸಂಗೀತೋತ್ಸವಕ್ಕೆ ಮೂರು ಹಂದರ ಹಾಕಿದ್ದರು. ಮೂರರಲ್ಲೂ ಒಟ್ಟೊಟ್ಟಿಗೇ ಸಂಗೀತ. ಜನ ಗ್ಯಾಸ್ ಬತ್ತಿಯ ಬೆಳಕಿನಲ್ಲಿ ಒಂದರಿಂದ ಇನ್ನೊಂದಕ್ಕೆ ಬೆಳಗಿನ ತನಕ ಓಡಾಡಬಹುದಿತ್ತು.

ಸಂಜೆ ಗುರುಗಳು ಶ್ರೀಶೈಲನ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಯಮನೂರಪ್ಪನನ್ನು ಕಂಡು ಮಾತು ನಿಲ್ಲಿಸಿದರು.

“ನೀ ಮೂರನೇ ಹಂದರದಾಗ ತುಂಗಾಬಾಯಾರಿಗೆ ತಂಬೂರಿ ಹಿಡಿ,” ಎಂದರು. “ಅವರು ಹಾಡಿ ಮುಗಿಸೂತನಕ ಏಳಬ್ಯಾಡ.”

ತುಂಗಾಬಾಯಿ ಮತ್ತು ಗುರುಪಾದಯ್ಯನವರು ಒಬ್ಬರೇ ಗುರುವಿನ ಕೈಯಲ್ಲಿ ಕಲಿತವರು. ಆಕೆಗೆ ಎಂಬತ್ತು ದಾಟಿತ್ತು. ಇದೇ ತಮ್ಮ ಕಡೆಯ ಹಾಡಿಕೆ ಎಂದು ಹೇಳಿಯೇ ಬಂದಿದ್ದರು.

ಮೂರನೇ ಹಂದರ ಇದ್ದದ್ದು ಒಂದು ಮೂಲೆಯಲ್ಲಿ. ಇಪ್ಪತ್ತು ಜನ ಇದ್ದರು, ಅವರಲ್ಲಿ ಹತ್ತು ಜನ ಮಲಗಲೆಂದೇ ಬಂದವರು. ನನ್ನನ್ನು ಇಲ್ಲಿ ಕಟ್ಟಿಹಾಕಿ ಅತ್ತ ಏನೋ ನಡೆಸಿದ್ದಾರೆ ಎಂದುಕೊಂಡ ಯಮನೂರಪ್ಪ.

ಬೆರಳು ತಂತಿಯ ಮೇಲಿತ್ತು, ಮನಸ್ಸು ಮೊದಲನೇ ಹಂದರದಲ್ಲಿತ್ತು. ತುಂಗಾಬಾಯಿ ಒಂದು ರಾಗ ಮುಗಿಸಿ ನೀರು ಕುಡಿಯುವಾಗ, ಅವನು ಪಕ್ಕದಲ್ಲಿದ್ದ ಭಕ್ತನೊಬ್ಬನ ಕೈಗೆ ತಂಬೂರಿ ಕೊಟ್ಟ. ಈಗ ಬಂದೆ ಎಂದು ಹೇಳಿ ಎದ್ದು ಹೋದ.

ಮೊದಲನೇ ಹಂದರದಲ್ಲಿ ಹೆಸರುವಾಸಿ ಗಾಯಕರು ಹಾಡುತ್ತಿದ್ದರು. ಯಾವ ರಾಗ ಎಂದು ಕೇಳಿದ್ದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ. ಅವನು ಬರೀ ತಲೆಗಳನ್ನು ನೋಡುತ್ತಿದ್ದ. ದೂರದಲ್ಲಿ ಗುರುಗಳ ಕಂದು ಶಾಲು ಕಂಡಿತು. ಕೂತವರ ಕಾಲು ತುಳಿದು ಹತ್ತಿರ ಹೋದರೆ, ಶಾಲು ಬೇರೆ ಯಾರದೋ.

ಎರಡನೇ ಹಂದರದಲ್ಲಿ ಸಿತಾರ್ ನಡೆದಿತ್ತು. ಬಾಗಿಲಲ್ಲಿ ಚಪ್ಪಲಿ ಕಾಯುತ್ತಿದ್ದವನು, ನಿಮ್ಮ ಗುರುಗಳು ಆ ಜಾಣ ಹುಡುಗನ ಜೊತೆ ಬಂದಿದ್ದರು, ಬಹಳ ಖುಷಿಯಲ್ಲಿದ್ದರು, ಈಗಷ್ಟೇ ಹೋದರು ಎಂದ.

ಖುಷಿ ಎಂಬ ಮಾತು ಯಮನೂರಪ್ಪನಿಗೆ ಚುಚ್ಚಿತು. ಏಳು ವರ್ಷ ತಂಬೂರಿ ಒರೆಸಿದವನು ನಾನು ಎಂದು ಅವನಿಗೆ ಅಳುವೇ ಬಂತು.

ಮತ್ತೆ ಮೊದಲನೆಯದಕ್ಕೆ ಹೋದ, ಮತ್ತೆ ಎರಡನೆಯದಕ್ಕೆ ಬಂದ. ಒಂದು ಕಡೆ ಹಾಡು ಮುಗಿಯುವ ಮೊದಲೇ ಇನ್ನೊಂದು ಕಡೆ ಅವನು ಇಣುಕುತ್ತಿದ್ದ. ಅಷ್ಟು ಸಂಗೀತದ ನಡುವೆ ಅಷ್ಟು ಕಡಿಮೆ ಕೇಳಿದವನು ಆ ರಾತ್ರಿ ಇನ್ನೊಬ್ಬನಿರಲಿಲ್ಲ. ಚಪ್ಪಲಿ ಕಾಯುವವನೇ ಎಷ್ಟೋ ವಾಸಿ.

ಬೆಳಗಿನ ಜಾವ ಅಡುಗೆಯ ಚಪ್ಪರದ ಹಿಂದೆ ಶ್ರೀಶೈಲ ಸಿಕ್ಕ. ಕೈಯಲ್ಲಿ ಮುಚ್ಚಿದ ತಂಬಿಗೆ ಇತ್ತು. ಗುರುಗಳು ಎಲ್ಲಿ ಎಂದು ಯಮನೂರಪ್ಪ ಗದರಿಸಿ ಕೇಳಿದ.

“ಯಾರಿಗೂ ಹೇಳಬ್ಯಾಡ ಅಂದಾರ್ರಿ, ಅಣ್ಣಾರ.”

ಸಿಕ್ಕಿಬಿದ್ದೆ ಮಗನೇ ಎಂದುಕೊಂಡ ಯಮನೂರಪ್ಪ, ಅವನನ್ನು ಮುಂದೆ ಬಿಟ್ಟು ಕತ್ತಲಲ್ಲಿ ಹಿಂಬಾಲಿಸಿದ. ತಂಬಿಗೆ ತುಳುಕದಂತೆ ಶ್ರೀಶೈಲ ಮೆಲ್ಲಗೆ ನಡೆದ. ನಡೆದು ನಡೆದು ಮೂರನೇ ಹಂದರಕ್ಕೆ ಹೋದ.

ಅಲ್ಲಿ ತುಂಗಾಬಾಯಿ ಹಾಡುತ್ತಿದ್ದರು. ಒಂದೊಂದು ಸ್ವರವೂ ಯಮನೂರಪ್ಪನಿಗೆ ಗೊತ್ತಿದ್ದದ್ದೇ. ಅದೇ ಹಾಡು. ಉಳಿದರ್ಧವನ್ನು ಹಾಡಿಯಾಗಿತ್ತು, ಅವರು ಮೊದಲರ್ಧಕ್ಕೆ ಮರಳಿ ಬಂದಿದ್ದರು. ಎರಡು ಸಲ ಅದನ್ನು ಹಾಡಿ ಕೈಮುಗಿದರು.

ಅವರ ಬೆನ್ನ ಹಿಂದೆ, ತಾನು ಕೂರಬೇಕಿದ್ದ ಜಾಗದಲ್ಲಿ, ಗುರುಪಾದಯ್ಯನವರು ತಂಬೂರಿ ಹಿಡಿದು ಕೂತಿದ್ದರು. ಅವರ ಕಣ್ಣು ಒದ್ದೆಯಾಗಿತ್ತು.

ತಂಬಿಗೆಯಲ್ಲಿ ಇದ್ದದ್ದು ಮೆಣಸಿನ ಕಷಾಯ. ತುಂಗಾಬಾಯಿ ಅದನ್ನು ಕುಡಿದರು. ಇನ್ನು ಯಾರು ಕೇಳಿದರೂ ಹಾಡುವುದಿಲ್ಲ ಎಂದು ಹೇಳಿ ಬಂಡಿ ಹತ್ತಿ ಹೊರಟುಹೋದರು.

ಭಕ್ತನಿಗೆ ತೂಕಡಿಕೆ ಬಂದು ತಂಬೂರಿ ನಿಂತುಹೋಗಿತ್ತಂತೆ. ಅದೇ ಹೊತ್ತಿಗೆ ಬಂದ ಗುರುಗಳು ಅದನ್ನು ತೆಗೆದುಕೊಂಡು ಕೂತರಂತೆ. ಯಮನೂರಪ್ಪ ಅವರ ಎದುರು ಹೋಗಿ ಕೂತ.

ಗುರುಗಳು ಇದ್ದದ್ದನ್ನು ಹೇಳಿದರು. ಅವರ ಗುರು ಆ ಹಾಡನ್ನು ಪೂರ್ತಿ ಕೊಟ್ಟದ್ದು ತುಂಗಾಬಾಯಿ ಒಬ್ಬರಿಗೇ. ಯಮನೂರಪ್ಪನಿಗಾಗಿ ಹಾಡಿ ಎಂದು ಇವರು ಈ ಸಲ ಆಕೆಯ ಕಾಲು ಹಿಡಿದಿದ್ದರು. ಹಾಡು ಕಿತ್ತುಕೊಳ್ಳಲು ಬಂದವನಿಗೆ ಹಾಡುವುದಿಲ್ಲ, ಸುಮ್ಮನೆ ತಂಬೂರಿ ಹಿಡಿದು ಕೂತವನಿಗೆ ಹಾಡುತ್ತೇನೆ, ಅವನಿಗೆ ಮೊದಲೇ ತಿಳಿಯಕೂಡದು ಎಂದು ಆಕೆ ಕರಾರು ಹಾಕಿದ್ದರು.

“ನಿಮಗ ಅರ್ಧನ ಬರತೈತಿ ಅಂತ ಏಳು ವರ್ಷದಾಗ ಒಮ್ಮೆರೆ ಹೇಳಬಾರದಿತ್ತೇನ್ರಿ?”

“ಯಾವಾಗ ಕೊಡ್ತೀರಿ ಅಂತ ಕೇಳಿದಿ. ಐತೇನು ಅಂತ ಎಂದೂ ಕೇಳಲಿಲ್ಲ. ನನಗೂ ಹೇಳಾಕ ನಾಚಿಕಿ ಬಂತು.”

ಈಗ ನಿಮಗೆ ಪೂರ್ತಿ ಬಂತೇ ಎಂದು ಯಮನೂರಪ್ಪ ಕೇಳಿದ. ಬಂತು ಎಂದರು. ನನಗೆ ಹೇಳಿಕೊಡುತ್ತೀರಾ ಎಂದು ಕೇಳಿದ. ಇವತ್ತೇ ಎಂದರು.

ಆದರೂ ಅವನ ಬಾಯಿ ತಡೆಯಲಿಲ್ಲ.

“ಅವರು ಹಾಡಿದಂಗಽ ಇರತೈತೇನ್ರಿ?”

ಗುರುಗಳು ತಂಬೂರಿಯನ್ನು ಅವನ ಮಡಿಲಲ್ಲಿ ಇಟ್ಟರು.

“ಇಲ್ಲೇ ಕೂತಿದ್ದರ ನಿನ್ನ ಕಿವಿನ ಸಾಕಾಗ್ತಿತ್ತು. ಇನ್ನ ನನ್ನ ನಂಬಬೇಕು, ತಮ್ಮಾ.”